ಎರಡು ಗೀರಿನ ತುಂಡು

ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಇಳಿಯುತ್ತಿದ್ದೇನೆಂಬುದು ಅವಳಿಗೆ ತಿಳಿದದ್ದು, ಎದುರಿನಿಂದ ಹತ್ತಿ ಬರುತ್ತಿದ್ದ ಲೈಬ್ರರಿಯವರು ಪುಸ್ತಕಗಳನ್ನು ಎದೆಗವಚಿಕೊಂಡು ಗೋಡೆಗೆ ಅಂಟಿ ನಿಂತಾಗ. ಕ್ಷಮಿಸಿ ಎನ್ನಬೇಕಿತ್ತು. ಬಾಯಿಂದ ಬಂದದ್ದು, ‘ಎಲ್ಲಾ ಎದ್ದು ನಿಂತಿವೆ!’ ಲೈಬ್ರರಿಯವರು ಏನು, ಎಲ್ಲಿ ಎಂದು ಕೇಳಲಿಲ್ಲ. ಅರ್ಧ ಆಯುಷ್ಯವನ್ನು ಇಂಥವರ ನಡುವೆ ಕಳೆದವರು. ‘ಒಳ್ಳೇದಾಯ್ತು ಬಿಡಿ, ಮತ್ತೆ ಕೂರೋಕೆ ಹೇಳ್ಬೇಡಿ’ ಎಂದು ಹತ್ತಿ ಹೋದರು. ಲೋಕದಲ್ಲಿ ಈವರೆಗೆ ಯಾರೂ ಆಡಿರದ ಹಾಸ್ಯ ಅದು ಎನ್ನಿಸಿ, ಅವಳು ಕೆಳಗಿನ ಮೆಟ್ಟಿಲಲ್ಲಿ ಕಂಬಿ ಹಿಡಿದುಕೊಂಡು ಒಬ್ಬಳೇ ನಕ್ಕಳು. ಕಿಟಕಿಯಾಚೆ ಯಾರದೋ ಸೈಕಲ್ಲು ತಾನಾಗಿ ವಾಲಿ ಬಿತ್ತು, ಅದಕ್ಕೂ ನಕ್ಕಳು. ಬೆಳಿಗ್ಗೆಯಿಂದ ಹೀಗೇ ಆಗಿತ್ತು. ಮೇಲಿನ ಕತ್ತಲೆ ಕೋಣೆಯಲ್ಲಿ ಸೂಜಿ ಮೈಕ್ರೋಸ್ಕೋಪಿನ ಮುಂದೆ ಕೂತಿದ್ದಾಗ ಮೊದಲ ಗೆರೆ ಮೂಡಿತ್ತು. ಆ ಯಂತ್ರ ನೋಡುವುದಿಲ್ಲ, ಸವರುತ್ತದೆ. ಕಣ್ಣಿಲ್ಲದವರು ಮುಖವನ್ನು ಬೆರಳಲ್ಲಿ ಸವರಿ ಗುರುತು ಹಿಡಿಯುವ ಹಾಗೆ, ಒಂದೊಂದು ಗೆರೆಯಾಗಿ, ಮೇಲಿನಿಂದ ಕೆಳಕ್ಕೆ. ಮೂರು ವರ್ಷದಿಂದ ಅದು ತೋರಿಸುತ್ತಿದ್ದದ್ದು ನಿದ್ದೆಯಿಂದೆದ್ದ ಮಗುವಿನ ತಲೆಗೂದಲಿನಂಥ ಚಿತ್ರ: ಅಡ್ಡಡ್ಡ ಮಲಗಿದ, ಸುತ್ತಿಕೊಂಡ ಎಳೆಗಳು. ಈ ದಿನ ಗೆರೆಯ ಮೇಲೆ ಗೆರೆ ಬಂದ ಹಾಗೆ ಚುಕ್ಕಿ ಬಂತು. ಪಕ್ಕದಲ್ಲೊಂದು ಚುಕ್ಕಿ. ಒಂದರ ಸುತ್ತ ಆರು. ಪರದೆ ತುಂಬುವಷ್ಟರಲ್ಲಿ ಜೇನುಗೂಡು. ಕಂಬಗಳು ಎದ್ದು ನಿಂತು ತಮ್ಮ ನೆತ್ತಿಗಳನ್ನು ತೋರಿಸುತ್ತಿದ್ದವು, ಅಷ್ಟೂ ಕಂಬಗಳು, ಶಾಲೆಯ ಅಂಗಳದಲ್ಲಿ ಸಾಲು ನಿಂತ ಮಕ್ಕಳ ಹಾಗೆ. ಅವಳು ಯಂತ್ರಕ್ಕೆ ‘ಥ್ಯಾಂಕ್ಸ್ ರೀ’ ಎಂದಿದ್ದಳು.

ಅವಳ ಕೆಲಸವನ್ನು ಯಾರಿಗಾದರೂ ವಿವರಿಸಬೇಕಾದಾಗಲೆಲ್ಲ ಮಾತು ಒಂದೇ ಜಾಗಕ್ಕೆ ಬಂದು ಮುಗ್ಗರಿಸುತ್ತಿತ್ತು. ಬ್ಲಾಕ್ ಕೋಪಾಲಿಮರ್ ಎಂದರೆ ಎರಡು ಬಗೆಯ ಉದ್ದನೆಯ ಅಣುಸರಪಳಿಗಳು. ಒಂದನ್ನು ಕಂಡರೆ ಇನ್ನೊಂದಕ್ಕೆ ಆಗದು. ಆದರೆ ಒಂದರ ತುದಿಯನ್ನು ಇನ್ನೊಂದರ ತುದಿಗೆ ಬಿಚ್ಚಲಾಗದ ಹಾಗೆ ಗಂಟು ಹಾಕಿದೆ. ದೂರ ಹೋಗಬೇಕು, ಹೋಗಲಾಗದು. ಗಂಟು ಬಿಟ್ಟುಕೊಟ್ಟಷ್ಟು ಮಾತ್ರ ಸರಿದು, ಒಂದರ ಒಡಲಲ್ಲಿ ಇನ್ನೊಂದು ಕಂಬ ಕಂಬವಾಗಿ ಕೂಡಿಕೊಳ್ಳುತ್ತದೆ. ಕಂಬದ ದಪ್ಪ ಕೂದಲೆಳೆಯ ಸಾವಿರಾರು ಪಾಲಿನಲ್ಲಿ ಒಂದು. ಇಷ್ಟು ಹೇಳುವಷ್ಟರಲ್ಲಿ ಎದುರಿದ್ದವರ ಮುಖ ಅರಳುತ್ತಿತ್ತು. ‘ಓ, ಗಂಡ ಹೆಂಡ್ತಿ ಥರ!’ ಬ್ಯಾಂಕಿನವರು ಹಾಗೆಂದರು, ಚಿಕ್ಕಪ್ಪ ಹಾಗೆಂದ, ಹೋದ ವರ್ಷ ಪರಿಶೀಲನೆಗೆ ಬಂದವರಲ್ಲಿ ಸದಾ ಕೆಮ್ಮುತ್ತಿದ್ದವರೂ ಕೆಮ್ಮಿನ ನಡುವೆ ಹಾಗೆಂದರು. ಹಾಗೆನ್ನದವರು ಅತ್ತೆ ಒಬ್ಬರೇ. ಊಟದ ಮೇಜಿನ ಮೇಲೆ ಎರಡು ಬಣ್ಣದ ದಾರ ಗಂಟು ಹಾಕಿ ತೋರಿಸಿದಾಗ ಅತ್ತೆ ಕನ್ನಡಕ ಏರಿಸಿ ನೋಡಿ, ‘ಗಂಡ ಹೆಂಡ್ತಿ ಎಲ್ಲಿಂದ ಬಂತು? ಅವರು ಬೇಕಾದ್ರೆ ಬಿಟ್ಟು ಹೋಗ್ತಾರೆ. ಇದು ಅತ್ತೆ ಸೊಸೆ ಕಣೆ. ನಡುವಿನ ಗಂಟು ನನ್ ಮಗ’ ಎಂದಿದ್ದರು. ಹಲ್ಲಿನ ಡಾಕ್ಟರಾದ ಅವಳ ಗಂಡ ತಟ್ಟೆಯಿಂದ ತಲೆಯೆತ್ತದೆ, ‘ಗಂಟಿಗೆ ಯಾರಾದ್ರೂ ಸ್ವಲ್ಪ ನೀರು ಕೊಡ್ತೀರಾ?’ ಎಂದಿದ್ದ. ಆ ಸಂಜೆ ಎಷ್ಟು ನಕ್ಕಿದ್ದರು ಮೂವರೂ. ಅದೇ ಅತ್ತೆಗೆ ಮೊನ್ನೆ ಫೋನಿನಲ್ಲಿ ತಾನು ಏನೆಂದೆ? ಕಣ್ಣಿನ ಆಸ್ಪತ್ರೆಗೆ ಜೊತೆಗೆ ಬರ್ತೀಯಾ ಎಂದು ಕೇಳಿದ್ದಕ್ಕೆ, ‘ಅತ್ತೆ, ನಾನಿಲ್ಲಿ ಆಟ ಆಡ್ತಾ ಇದ್ದೀನಾ?’ ಅತ್ತೆ ಒಬ್ಬರೇ ಹೋಗಿ, ಕಣ್ಣಿಗೆ ಹನಿ ಹಾಕಿಸಿಕೊಂಡು, ಬೀದಿಯೆಲ್ಲ ಮಂಜಾಗಿ ಕಾಣುವ ಹೊತ್ತಿನಲ್ಲಿ ಕಾಂಪೌಂಡುಗಳನ್ನು ಸವರುತ್ತ ಮನೆಗೆ ಬಂದಿದ್ದರು. ಸವರುತ್ತ! ಸಂತೋಷದ ನಡುವೆ ಆ ಪದ ಚುಚ್ಚಿತು. ಆದರೆ ಈ ಬೆಳಿಗ್ಗೆ ಚುಚ್ಚಿದ್ದೂ ಕಚಗುಳಿಯಾಗುತ್ತಿತ್ತು. ಸಂಜೆ ಹೋಗಿ ಅತ್ತೆಯನ್ನು ತಬ್ಬಿಕೊಳ್ಳಬೇಕು, ಹೊಸ ಕನ್ನಡಕ ಕೊಡಿಸಬೇಕು, ಎರಡು ಕೊಡಿಸಬೇಕು.

ಲ್ಯಾಬಿನ ಮುಖ್ಯಸ್ಥರಾದ ಮೇಷ್ಟ್ರು ಚಿತ್ರ ನೋಡಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿ, ‘ಹೂಂ’ ಎಂದಿದ್ದರು. ಅವರ ಹೂಂ ಸುಲಭಕ್ಕೆ ಸಿಗುವಂಥದ್ದಲ್ಲ. ‘ಮಧ್ಯಾಹ್ನ ಇದೇ ಮೊದಲನೇ ಸ್ಲೈಡು. ಬೆಳ್ಳಿಕೂದಲಿನವರು ಕಣ್ತುಂಬ ನೋಡ್ಲಿ.’ ಬೆಳ್ಳಿಕೂದಲಿನವರು ಎಂದರೆ ವರ್ಷಕ್ಕೊಮ್ಮೆ ಲ್ಯಾಬಿನ ಕೆಲಸದ ಪರಿಶೀಲನೆಗೆ ಬರುವ ಇಬ್ಬರಲ್ಲಿ ಹಿರಿಯಳಾದ ಹೆಂಗಸು. ಬಿಸಿ ಮಾಡಿದರೆ ಸಿಲಿಕಾನ್ ತುಂಡಿನ ಮೇಲೆ ಬಳಿದ ಪಾಲಿಮರ್ ಪೊರೆ ಮೆತ್ತಗಾಗುತ್ತದೆ, ಆಗ ತಳದಿಂದ ಮೇಲಕ್ಕೆ ವಿದ್ಯುತ್ ಕ್ಷೇತ್ರ ಹಾಯಿಸಿದರೆ ಮಲಗಿದ ಕಂಬಗಳು ಅದರ ಜಾಡು ಹಿಡಿದು ಮೆಲ್ಲಗೆ ಏಳುತ್ತವೆ, ತಣ್ಣಗಾಗುವವರೆಗೆ ಕ್ಷೇತ್ರವನ್ನು ಆರಿಸದಿದ್ದರೆ ನಿಂತಲ್ಲೇ ಗಟ್ಟಿಯಾಗುತ್ತವೆ ಎಂದು ಅವಳು ಹೋದ ವರ್ಷ ಹೇಳಿದಾಗ, ಆಕೆ ಇವಳ ಮಲಗಿದ ಕಂಬಗಳ ಚಿತ್ರಗಳನ್ನು ಇಸ್ಪೀಟಿನ ಹಾಗೆ ಕೂಡಿಸಿ ಮೇಜಿನ ಮೇಲಿಟ್ಟು, ‘ಏಳೋದಾದ್ರೆ ಶಾಖಕ್ಕೇ ಏಳ್ತವೆ. ನೀವು ಕೊಡೋ ವೋಲ್ಟೇಜು ನಿಮ್ಮ ಸಮಾಧಾನಕ್ಕೆ ಅಷ್ಟೆ’ ಎಂದಿದ್ದರು. ಈ ವರ್ಷ ಕ್ಷೇತ್ರವೇ ಎಬ್ಬಿಸಿತೆಂದು ತೋರಿಸದಿದ್ದರೆ ಲ್ಯಾಬಿನ ಕೋಣೆ ಕೈಬಿಟ್ಟು ಹೋಗುತ್ತಿತ್ತು. ಅದರೊಂದಿಗೆ ಅವಳ ಮೂರು ವರ್ಷ. ತೋರಿಸಿಯಾಯಿತು! ಅವಳು ಲ್ಯಾಬಿಗೆ ಬಂದು ಆ ಸಿಲಿಕಾನ್ ತುಂಡನ್ನು, ಉಗುರಿಗಿಂತ ಸ್ವಲ್ಪ ದೊಡ್ಡದಾದ, ತನ್ನ ಮೇಲೆ ಆ ಜೇನುಗೂಡನ್ನು ಹೊತ್ತ ಕನ್ನಡಿಯಂಥ ತುಂಡನ್ನು, ಚಿಮುಟದಲ್ಲಿ ಎತ್ತಿ, ಡಬ್ಬಿಗೆ ಇಳಿಸುವ ಮೊದಲು, ಮಗುವನ್ನು ಮಲಗಿಸುವಾಗ ಬೆನ್ನು ತಟ್ಟುವಂತೆ, ಅದರ ಬೆನ್ನನ್ನು ಬೆಳಕಿಗೆ ಹಿಡಿದಳು. ಬೆನ್ನಿನ ಮೇಲೆ ಎರಡು ಗೀರುಗಳಿದ್ದವು.

ಗೀರು ಹಾಕಿದವಳು ಅವಳೇ, ವಜ್ರದ ಮೊನೆಯ ಕಡ್ಡಿಯಿಂದ. ಪ್ರತಿ ಸಲವೂ ಎರಡು ತುಂಡು. ಒಂದು ಗೀರಿನದಕ್ಕೆ ಶಾಖವೂ ವಿದ್ಯುತ್ತೂ. ಎರಡು ಗೀರಿನದಕ್ಕೆ ಬರೀ ಶಾಖ, ಹೋಲಿಕೆಗೆ. ಎರಡರ ಮೇಲೂ ಅಲ್ಯೂಮಿನಿಯಂ ಬಳಿದ ತೆಳು ಹಾಳೆ ಹೊದಿಸಿ ಒಂದೇ ಹಾಟ್‌ಪ್ಲೇಟಿನ ಮೇಲೆ ಅಕ್ಕಪಕ್ಕ ಮಲಗಿಸಿ, ಒಂದರ ಹಾಳೆಗೆ ಮಾತ್ರ ವೈರಿನ ತುದಿಯ ಹಲ್ಲಿನ ಚಿಮುಟ, ಮೊಸಳೆ ಕ್ಲಿಪ್ಪು, ಕಚ್ಚಿಸುವುದು. ಬೆಳಿಗ್ಗೆ ಆತುರದಲ್ಲಿ ಕೈಗೆ ಸಿಕ್ಕ ತುಂಡನ್ನು ಮೇಲಕ್ಕೆ ಒಯ್ದಿದ್ದಳು. ಎದ್ದು ನಿಂತದ್ದು ವಿದ್ಯುತ್ ಕೊಡದ ತುಂಡು. ಹಾಗಾದರೆ ಶಾಖಕ್ಕೇ ಎದ್ದವು. ಹಾಗಾದರೆ ಬೆಳ್ಳಿಕೂದಲು ಹೇಳಿದ್ದೇ ಸರಿ. ಹಾಗಾದರೆ ತಾನು ಇಷ್ಟು ದಿನ ಸಾವಿರ ವೋಲ್ಟಿನ ಸಮಾಧಾನವನ್ನು ಪೊರೆಗಳಿಗೆ ಹೊದಿಸುತ್ತಿದ್ದೆ. ಆದರೆ ನಗು ಇನ್ನೂ ನಿಂತಿರಲಿಲ್ಲ, ಸ್ವಿಚ್ಚು ಆರಿಸಿದ ಮೇಲೂ ಫ್ಯಾನು ತಿರುಗುವಂತೆ ಅದು ತಾನಾಗಿ ಸುತ್ತುತ್ತಿತ್ತು. ಒಂದು ದಾರಿಯಿತ್ತು. ಒಂದು ಗೀರಿನ ತುಂಡನ್ನು ಅವಳಿನ್ನೂ ನೋಡಿರಲಿಲ್ಲ. ಅದೂ ಎದ್ದು ನಿಂತಿದ್ದರೆ ಕತೆ ಮುಗಿಯಿತು. ಅದು ಮಲಗಿದ್ದರೆ, ವೈರು ಅದಲುಬದಲಾಗಿರಬೇಕು. ಅದು ಮಲಗಿರಲಿ, ಗಾಢ ನಿದ್ದೆಯಲ್ಲಿರಲಿ ಎಂದುಕೊಳ್ಳುತ್ತ, ಇಳಿದ ಮೆಟ್ಟಿಲನ್ನು ಅವಳು ಎರಡೆರಡಾಗಿಯೇ ಹತ್ತಿದಳು.

ಮೈಕ್ರೋಸ್ಕೋಪಿನ ಮುಂದೆ ಲ್ಯಾಬಿನ ಜೊತೆಗಾರ, ಎಲ್ಲರೂ ಜಿರಾಫೆ ಎನ್ನುತ್ತಿದ್ದವನು, ಕೂತಿದ್ದ. ಕುರ್ಚಿಯ ಎತ್ತರ ಎಷ್ಟಿಳಿಸಿದರೂ ಅವನ ಮೊಣಕಾಲು ಮೇಜಿಗೆ ತಾಗುತ್ತಿತ್ತು.

‘ಸ್ವಲ್ಪ ಬಿಟ್ಕೊಡೋ, ಇನ್ನೊಂದು ತುಂಡು ನೋಡ್ಬೇಕು.’

‘ಬೆಳಿಗ್ಗೆಯಿಂದ ನೀನೇ ಕೂತಿದ್ದೆಯಲ್ಲ. ಮೊದಲ್ನೇ ಸ್ಲೈಡು ಹೊಡ್ಕೊಂಡಾಯ್ತು, ನಮ್ಗೂ ಎರಡ್ನೇದಕ್ಕೆ ಏನಾದ್ರೂ ಬೇಡ್ವಾ ಮಹಾರಾಣಿ?’

‘ಯಾವಾಗ ಮುಗಿಯುತ್ತೆ?’

‘ಸೂಜಿನ ಕೇಳು. ನಾನು ಹೇಳಿದ್ದು ಅದು ಕೇಳಲ್ಲ.’

ಹೇಳಿಬಿಡಬಹುದಿತ್ತು ಅವನಿಗೆ. ಆದರೆ ಅವನ ಕುತ್ತಿಗೆ ಉದ್ದ, ಬಾಯಿ ಅದಕ್ಕಿಂತ ಉದ್ದ. ಅವಳು ಮತ್ತೆ ಕೆಳಗಿಳಿದು, ಲ್ಯಾಬಿನ ಮೂಲೆಯ ಕಸದ ಡಬ್ಬಿಯ ಮುಂದೆ ಮಂಡಿಯೂರಿದಳು. ಮೊಸಳೆ ಕ್ಲಿಪ್ಪು ಕಚ್ಚಿದ ಹಾಳೆಯಲ್ಲಿ ಹಲ್ಲಿನ ಗುರುತಿರುತ್ತದೆ! ಹಲ್ಲಿನ ಡಾಕ್ಟರ ಹೆಂಡತಿಗೆ ಇದು ಹೊಳೆಯದಿದ್ದರೆ ಇನ್ನು ಯಾರಿಗೆ ಹೊಳೆಯಬೇಕು? ಹಾಳೆಗಳನ್ನು ಸಿಪ್ಪೆಯಂತೆ ತೆಗೆದು ಎಸೆದದ್ದು ನಿನ್ನೆ. ಕೈಗವಸು, ಒರೆಸಿದ ಕಾಗದ, ಮುರಿದ ಗಾಜಿನ ಕಡ್ಡಿ, ಅದರಡಿ ಯಾರದೋ ಬಿಸ್ಕತ್ತಿನ ಹೊದಿಕೆ. ಲ್ಯಾಬಿನಲ್ಲಿ ತಿನ್ನಬಾರದೆಂದು ಬೋರ್ಡು ಬರೆಸಿದವರು ಮೇಷ್ಟ್ರು, ಆ ಬಿಸ್ಕತ್ತು ತಿನ್ನುವವರೂ ಅವರೊಬ್ಬರೇ. ಕೊನೆಗೆ ಎರಡು ಹಾಳೆಗಳೂ ಸಿಕ್ಕವು. ಅಂಟಿಕೊಂಡಿದ್ದ ಸಿಲಿಕಾನ್ ಚೂರನ್ನು ತುಂಡುಗಳ ಅಂಚಿಗೆ ಹೊಂದಿಸಿದಾಗ ಯಾವುದು ಯಾವ ತುಂಡಿನದೆಂದೂ ತಿಳಿಯಿತು. ಬೆಳಕಿಗೆ ಹಿಡಿದಳು. ಎರಡರಲ್ಲೂ ಹಲ್ಲಿನ ಗುರುತು. ಒಂದಲ್ಲ, ಹಲವು, ಒಂದರ ಮೇಲೊಂದು. ಮೇಷ್ಟ್ರ ಉಳಿತಾಯ ಅವಳಿಗೆ ಮರೆತೇಹೋಗಿತ್ತು. ಒಂದೊಂದು ಹಾಳೆಯನ್ನೂ ಹರಿಯುವವರೆಗೆ ತೊಳೆದು ತೊಳೆದು ಬಳಸಬೇಕೆಂಬುದು ಈ ಕೋಣೆಯ ಧರ್ಮ. ಆ ಹಾಳೆಗಳು ಕಳೆದ ವರ್ಷದಿಂದ ಅದೆಷ್ಟು ಮೊಸಳೆಗಳ ಬಾಯಿಗೆ ಸಿಕ್ಕಿದ್ದವೋ. ಎರಡನ್ನೂ ಎರಡು ಕೈಯಲ್ಲಿ ಹಿಡಿದು ಅವಳು ನೆಲದ ಮೇಲೆ ಕೂತೇ ಇದ್ದಾಗ ಬಾಗಿಲಲ್ಲಿ ಜಿರಾಫೆಯ ತಲೆ ಕಾಣಿಸಿತು.

‘ನಂದು ಮುಗೀತು, ಬಾ. ಕಸದಲ್ಲಿ ಏನ್ ಹುಡುಕ್ತಿದ್ದೀಯ? ಉಂಗುರ ಕಳ್ಕೊಂಡ್ಯಾ?’

‘ಸಾವಿರ ವೋಲ್ಟು.’

‘ಸಿಕ್ರೆ ಮುಟ್ಬೇಡ’ ಎಂದು ಅವನು ಹೋದ.

ಒಂದು ಗೀರಿನ ತುಂಡಿನ ಮೇಲೆ ಸೂಜಿ ಇಳಿಯಿತು. ಕೋಟಿನ ಜೇಬಿನಲ್ಲಿ ವಜ್ರದ ಕಡ್ಡಿ ಇದೆಯೆಂಬುದು ಅವಳಿಗೆ ಆಗ ಅರಿವಾಯಿತು. ಕೈ ಅದನ್ನು ಆಗಲೇ ತಿರುಗಿಸುತ್ತಿತ್ತು. ಒಂದು ಗೀರನ್ನು ಎರಡು ಮಾಡುವುದು ಒಂದು ಕ್ಷಣದ ಕೆಲಸ. ಎರಡನ್ನು ಒಂದು ಮಾಡುವುದು ಯಾರಿಂದಲೂ ಆಗದು. ಹಾಗೆಂದು ಲೆಕ್ಕ ಹಾಕಿ ಮುಗಿಸಿದ ಮೇಲೆ, ತಾನು ಇಂಥದ್ದರ ಲೆಕ್ಕ ಹಾಕಿದೆ ಎಂದು ಹೊಳೆದು, ಕತ್ತಲೆ ಕೋಣೆಯಲ್ಲಿ ಕಿವಿ ಬೆಚ್ಚಗಾಯಿತು. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗಿರಲಿಲ್ಲ, ಅವಳೇ ಹೆಗಲು ಮುಟ್ಟಿ ನೋಡಿಕೊಂಡಳು. ಮೊದಲ ಗೆರೆ. ಎರಡನೆಯದು. ಗೆರೆಗಳು ಬಾಗಿದವು, ಬಳುಕಿದವು, ಸುತ್ತಿಕೊಂಡವು, ಮಗುವಿನ ತಲೆಗೂದಲು. ಮಲಗಿವೆ! ಒಂದು ತುಂಡು ಎದ್ದಿದೆ, ಒಂದು ಮಲಗಿದೆ. ಶಾಖ ಎರಡಕ್ಕೂ ಒಂದೇ. ಹಾಗಾದರೆ ಎಬ್ಬಿಸಿದ್ದು ವಿದ್ಯುತ್ತೇ, ತಾನು ವೈರನ್ನು ಎರಡು ಗೀರಿನದಕ್ಕೆ ಹಾಕಿದ್ದೆ! ಹಾಗೆಂದುಕೊಂಡದ್ದೇ ತಡ, ನೆನಪೂ ಬಂದುಬಿಟ್ಟಿತು, ಎಷ್ಟು ನಿಚ್ಚಳವಾಗಿ: ಬಲಗೈಯಲ್ಲಿ ಕ್ಲಿಪ್ಪು, ಹಾಟ್‌ಪ್ಲೇಟಿನ ಕಾವು ಮಣಿಕಟ್ಟಿಗೆ, ಅಷ್ಟರಲ್ಲಿ ಅತ್ತೆಯ ಫೋನು, ಭುಜಕ್ಕೂ ಕೆನ್ನೆಗೂ ನಡುವೆ ಫೋನನ್ನು ಒತ್ತಿಕೊಂಡು, ನಾನಿಲ್ಲಿ ಆಟ ಆಡ್ತಾ ಇದ್ದೀನಾ ಎನ್ನುತ್ತ, ನೋಡದೆ, ಆಚೆಯದಕ್ಕೆ ಬದಲು ಈಚೆಯದಕ್ಕೆ, ಟಕ್ ಎಂದು. ಆ ಟಕ್ ಸದ್ದು ಕೂಡ ಕೇಳಿಸಿತು. ಸಿಟ್ಟು ಮಾಡಿಕೊಂಡದ್ದರಿಂದ ತಪ್ಪಿತು, ತಪ್ಪಿದ್ದರಿಂದ ಗೊಂದಲ, ಎಲ್ಲಕ್ಕೂ ಕಾರಣ ಸಿಕ್ಕಿತು, ಶಿಕ್ಷೆಯೂ ಆಗಿಹೋಯಿತು. ಇನ್ನು ಯಾರಿಗೂ ಏನೂ ಹೇಳುವ ಅಗತ್ಯವೇ ಇಲ್ಲ. ಅವಳು ಕಾರಿಡಾರಿಗೆ ಬಂದು, ಕಿಟಕಿಯ ಬಿಸಿಲಲ್ಲಿ ನಿಂತು, ಉಕ್ಕುವ ಮನಸ್ಸಿನಿಂದ ಅತ್ತೆಗೆ ಫೋನು ಮಾಡಿದಳು.

‘ಅತ್ತೆ, ಮೊನ್ನೆ ರೇಗಿದ್ದಕ್ಕೆ ಬೇಜಾರ್ ಮಾಡ್ಕೋಬೇಡಿ. ಕೈಯಲ್ಲಿ ವೈರು ಹಿಡ್ಕೊಂಡಿದ್ದೆ.’

‘ವೈರು ಎಲ್ಲಿಂದ ಬಂತೇ? ಊಟ ಮಾಡ್ತಿದ್ದೆ ನೀನು.’

‘ಇಲ್ಲ ಅತ್ತೆ, ಲ್ಯಾಬಲ್ಲಿ...’

‘ಬಾಯ್ತುಂಬ ಅನ್ನ ಇಟ್ಕೊಂಡು ಬೈದೆ. ಅರ್ಧ ಬೈಗುಳ ನಂಗೆ ಗೊತ್ತೇ ಆಗ್ಲಿಲ್ಲ. ಹಿಂದೆ ತಟ್ಟೆ ಸದ್ದು, ಯಾವನೋ ಉಪ್ಪು ಉಪ್ಪು ಅಂತ ಕೂಗ್ತಿದ್ದ. ಕಣ್ಣು ಮಂಜು ನಂದು, ಕಿವಿ ಚೆನ್ನಾಗೇ ಇದೆ.’

ಉಪ್ಪು ಕೂಗಿದವನು ಜಿರಾಫೆ. ಹೌದು. ಕ್ಯಾಂಟೀನು. ತುತ್ತು ಗಂಟಲಲ್ಲಿ ಸಿಕ್ಕಿದ್ದೂ ನೆನಪಾಯಿತು. ಹಾಗಾದರೆ ಆ ಕ್ಲಿಪ್ಪು, ಆ ಕಾವು, ಆ ಟಕ್? ಅವನ್ನು ಅವಳೇ ಈಗಷ್ಟೇ, ಆ ಕತ್ತಲೆ ಕೋಣೆಯಲ್ಲಿ, ಕಟ್ಟಿಕೊಂಡಿದ್ದಳು. ಮನಸ್ಸು ಬಿಸಿಯಾಗಿತ್ತು, ಆಸೆ ಒಂದೇ ದಿಕ್ಕಿಗೆ ಎಳೆಯುತ್ತಿತ್ತು, ಮಲಗಿದ್ದ ಚೂರುಪಾರುಗಳೆಲ್ಲ ಎದ್ದು ಸಾಲಾಗಿ ನಿಂತುಬಿಟ್ಟವು. ಎಷ್ಟು ಅಚ್ಚುಕಟ್ಟಾಗಿ! ಫೋನಿನ ಆ ಕಡೆ ಅತ್ತೆ, ‘ಅಳ್ತಿದ್ದೀಯೇನೇ? ಅಳ್ಬೇಡ, ನಾನು ಅಷ್ಟೊಂದು ಬೇಜಾರೇನೂ ಮಾಡ್ಕೊಂಡಿಲ್ಲ’ ಎಂದರು. ‘ಇಲ್ಲ ಅತ್ತೆ, ನಗ್ತಿದ್ದೀನಿ’ ಎಂದಳು. ಅದು ನಿಜವೂ ಆಗಿತ್ತು, ಕೆನ್ನೆ ಒದ್ದೆಯಾಗಿದ್ದರೂ.

ಸಭೆಯ ಕೋಣೆಯಲ್ಲಿ ಪರದೆಯಗಲಕ್ಕೂ ಜೇನುಗೂಡು. ಇಬ್ಬರು ಪರಿಶೀಲಕರು ಮುಂದಿನ ಸಾಲಿನಲ್ಲಿ. ಕೆಮ್ಮುವವರ ಮುಂದೆ ನೀರಿನ ಲೋಟ, ಬೆಳ್ಳಿಕೂದಲಿನವರ ಮುಂದೆ ಏನೂ ಇಲ್ಲ. ‘ಇದು ಕ್ಷೇತ್ರ ಕೊಟ್ಟ ಪೊರೆ’ ಎಂದು ಮೇಷ್ಟ್ರು, ಮದುವೆ ಮನೆಯ ಯಜಮಾನರ ದನಿಯಲ್ಲಿ, ‘ಮುಂದಿನದನ್ನ ಇವರೇ ಹೇಳ್ತಾರೆ’ ಎಂದು ಕೂತರು. ಅವಳು ಎದ್ದಳು. ನಾಲಿಗೆಯ ಮೇಲೆ ವಾಕ್ಯ ಸಿದ್ಧವಿತ್ತು, ಸುಳ್ಳೂ ಅಲ್ಲದ, ಬಹುಶಃ ನಿಜವೇ ಆದ ವಾಕ್ಯ. ಬೆಟ್ಟದಂಚಿನಲ್ಲಿ ನಿಂತಾಗ ಅಂಗಾಲಿನಲ್ಲಿ ಆಗುವಂಥ ಜುಮ್ಮು ಆಗುತ್ತಿತ್ತು.

‘ಎರಡು ತುಂಡಲ್ಲಿ ಒಂದು ಎದ್ದಿದೆ, ಒಂದು ಮಲಗಿದೆ. ವೈರು ಯಾವುದಕ್ಕೆ ಹಾಕಿದ್ದೆ ಅಂತ ನನಗೆ ಗೊತ್ತಿಲ್ಲ’ ಎಂದಳು.

ಕೆಮ್ಮುವವರು ಕೆಮ್ಮುವುದನ್ನು ಮರೆತರು.

‘ಗೊತ್ತಿಲ್ಲ ಅಂದ್ರೆ?’ ಎಂದರು ಬೆಳ್ಳಿಕೂದಲಿನವರು.

‘ಗೀರಿನ ಪ್ರಕಾರ ಇದಕ್ಕೆ ವಿದ್ಯುತ್ ಕೊಟ್ಟಿಲ್ಲ. ನನ್ನ ನೆನಪಿನ ಪ್ರಕಾರ ಕೊಟ್ಟಿದೆ.’

‘ಹಾಗಿದ್ರೆ ನೆನಪನ್ನೇ ನಂಬೋಣ’ ಎಂದರು ಮೇಷ್ಟ್ರು ಮೆಲ್ಲಗೆ, ಹಗ್ಗ ಎಸೆಯುವವರಂತೆ.

‘ಆ ನೆನಪು ಹುಟ್ಟಿದ್ದು ಇವತ್ತು ಮಧ್ಯಾಹ್ನ ಸರ್.’

ಹಿಂದಿನ ಸಾಲಿನಲ್ಲಿ ಜಿರಾಫೆ ಕಿಸಕ್ಕೆಂದ. ಬೆಳ್ಳಿಕೂದಲಿನವರ ತುಟಿಯೂ ಒಂದಿಷ್ಟು ಸಡಿಲವಾಯಿತು. ‘ಹೋದ ವರ್ಷ ವೋಲ್ಟೇಜು ನಿಮ್ಮ ಸಮಾಧಾನಕ್ಕೆ ಅಂದಿದ್ದೆ. ಈ ವರ್ಷ ಅದೂ ಉಳೀಲಿಲ್ವಾ?’ ಕೋಣೆ ನಕ್ಕಿತು, ಅವಳೂ ನಕ್ಕಳು, ಮೇಷ್ಟ್ರೊಬ್ಬರನ್ನು ಬಿಟ್ಟು. ‘ನಾವು ಹೊರಡೋದು ನಾಳೆ ಸಂಜೆ. ಅಷ್ಟರಲ್ಲಿ ಗೊತ್ತಾದ್ರೆ ಸರಿ. ಇಲ್ಲಾಂದ್ರೆ ನಿಮ್ಮ ಲ್ಯಾಬಿನ ಕೋಣೆಯನ್ನ ಬೇರೆ ಕೆಲಸಕ್ಕೆ ಕೊಡಿ ಅಂತಲೇ ನಾನು ಹೇಳೋಳು.’

ಕಾರಿಡಾರಿನಲ್ಲಿ ಮೇಷ್ಟ್ರು ಮುಂದೆ ಮುಂದೆ ನಡೆದರು. ಅವರ ಬೆನ್ನು ಮಾತಾಡಬೇಡ ಎನ್ನುತ್ತಿತ್ತು. ಹಿಂದೆ ಬರುತ್ತಿದ್ದ ಅವಳಿಗೆ, ಬೈಯಿಸಿಕೊಳ್ಳಲು ಹೋಗುತ್ತಿರುವಾಗ ಹೀಗೆ ಹಗುರಾಗಿರಬಾರದು ಎನ್ನಿಸಿತು. ಪಾದಗಳು ನೆಲಕ್ಕೆ ಪೂರ್ತಿ ಊರುತ್ತಲೇ ಇರಲಿಲ್ಲ.

‘ಸರ್, ನಾಳೆ ಕ್ಲಿಪ್ಪು ನಾನು ಹಾಕಲ್ಲ.’

‘ಮತ್ತೆ?’

‘ನೀವು ಹಾಕಿ. ಎಡಕ್ಕೋ ಬಲಕ್ಕೋ ನನಗೆ ಹೇಳ್ಬೇಡಿ. ಚಿತ್ರ ನೋಡಿ ನಾನು ಹೇಳ್ತೀನಿ.’

ಮೇಷ್ಟ್ರು ನಿಂತರು. ತಿರುಗಿದರು. ಬೈಗುಳಕ್ಕೆಂದು ತೆರೆದ ಬಾಯಿ ಹಾಗೇ ಇತ್ತು. ‘ನಾನು ಕ್ಲಿಪ್ಪು ಮುಟ್ಟಿ ಎಷ್ಟು ಕಾಲ ಆಯ್ತು ಗೊತ್ತಾ ನಿಮಗೆ?’ ಎಂದು, ತಮ್ಮ ಕೈಗಳನ್ನು, ಯಾರೋ ಕೊಟ್ಟು ಹೋದ ಸಾಮಾನಿನಂತೆ, ತಿರುಗಿಸಿ ನೋಡಿಕೊಂಡರು.

ಮರುದಿನ ಬೆಳಿಗ್ಗೆ ಅವಳು ಬರುವಷ್ಟರಲ್ಲಿ ಅವರು ತೋಳು ಮಡಚಿ ಕಾಯುತ್ತಿದ್ದರು. ಅವಳು ಎರಡು ತುಂಡುಗಳನ್ನು ಹಾಟ್‌ಪ್ಲೇಟಿನ ಮೇಲೆ ಮಲಗಿಸಿ, ಎಂದೂ ಯಾವ ಮೊಸಳೆಯೂ ಕಚ್ಚಿರದ ಎರಡು ಹೊಸ ಹಾಳೆ ಕೇಳಿದಳು. ಅವರು ಬೀರುವಿನ ಬೀಗ ತೆಗೆದರು. ಆಮೇಲೆ ‘ಹೊರಗೆ’ ಎಂದರು. ಬಾಗಿಲು ಮುಚ್ಚಿತು. ಕಾರಿಡಾರಿನಲ್ಲಿ ಅವಳೂ ಜಿರಾಫೆಯೂ. ಒಳಗೆ ಏನೋ ಬಿತ್ತು, ಉರುಳಿತು.

‘ಸರ್, ಸಾವಿರ ವೋಲ್ಟಿದೆ, ಹುಷಾರು!’

‘ನಿಮ್ಮನ್ನ ಯಾರಾದ್ರೂ ಕೇಳಿದ್ರಾ?’ ಎಂದಿತು ಒಳಗಿನ ದನಿ, ಮತ್ತು ಅದರ ಹಿಂದೆಯೇ, ನಂಬಲಾಗದಂತೆ, ಒಂದು ಸಿಳ್ಳೆ.

ಆ ದಿನವಿಡೀ ಮೇಷ್ಟ್ರು ಅವಳನ್ನು ಕಂಡರೆ ದಾರಿ ಬದಲಿಸಿದರು. ಕ್ಯಾಂಟೀನಿನಲ್ಲಿ ಗೋಡೆಗೆ ಮುಖ ಮಾಡಿ ಉಂಡರು. ಜಿರಾಫೆ ಹೋಗಿ ‘ಸರ್, ಎಡಾನಾ ಬಲಾನಾ, ನನಗೊಬ್ಬನಿಗೇ ಹೇಳಿ’ ಎಂದು ಕೇಳಿದ್ದಕ್ಕೆ, ಬಾಯಿಗೆ ಚಮಚ ಇಟ್ಟುಕೊಂಡು ತಲೆಯಾಡಿಸಿದರಂತೆ. ಅವಳಿಗೋ, ಹಿಡಿದುಕೊಳ್ಳಲು ಏನೂ ಇರಲಿಲ್ಲ. ಎಡ ಬೇಕು ಎಂದುಕೊಂಡರೆ ಉಪಯೋಗವಿಲ್ಲ, ಬಲ ಬೇಕು ಎಂದುಕೊಂಡರೂ ಇಲ್ಲ. ಬೇಕೆಂಬುದು ಗೋಡೆಯಿಲ್ಲದ ಕೋಣೆಯಲ್ಲಿ ಚೆಂಡಿನಂತೆ ಹೋಗಿ ಹೋಗಿ ವಾಪಸು ಬರಲೇ ಇಲ್ಲ. ಎರಡೂ ಮಲಗಿದ್ದರೆ ಕೋಣೆ ಹೋಯಿತು. ಎರಡೂ ಎದ್ದಿದ್ದರೂ ಹೋಯಿತು. ಒಂದೇ ಎದ್ದು, ಅದು ವಿದ್ಯುತ್ ಕೊಡದ್ದಾಗಿದ್ದರೆ, ಹೋದದ್ದು ಮಾತ್ರವಲ್ಲ, ನಗೆಪಾಟಲು. ಇಷ್ಟೆಲ್ಲ ತಿಳಿದೂ ಅವಳು ಖಾಲಿ ಬೀಕರನ್ನು ಬೆರಳಿಂದ ತಟ್ಟಿ ಅದರ ನಾದ ಕೇಳಿದಳು. ತುಂಡುಗಳು ತಣ್ಣಗಾದ ಮೇಲೆ, ವೋಲ್ಟೇಜು ಆರಿಸಿ, ಹಾಳೆ ಸುಲಿದು, ಎಡ ಬಲ ತಪ್ಪದಂತೆ ಡಬ್ಬಿಯಲ್ಲಿಟ್ಟು ಮೇಷ್ಟ್ರೇ ಮೇಲಕ್ಕೆ ತಂದರು.

ಮೊದಲು ಬಲಗಡೆಯದು. ಸೂಜಿ ಸವರಿತು. ಬಾಗಿದ, ಬಳುಕಿದ ಎಳೆಗಳು, ಮಲಗಿವೆ. ಸಂಜೆಯ ಕಾರು ಕೆಳಗೆ ಬಂದು ನಿಂತ ಸದ್ದಾಯಿತು. ಬಾಗಿಲ ಬಳಿ ಬೆಳ್ಳಿಕೂದಲಿನವರು ಪೆಟ್ಟಿಗೆ ಕೆಳಗಿಟ್ಟು ಒಳಬಂದು ಕತ್ತಲೆಯಲ್ಲಿ ನಿಂತರು. ನಂತರ ಎಡಗಡೆಯದು. ಮೊದಲ ಗೆರೆಯಲ್ಲಿ ಏನೂ ಹೇಳುವಂತಿರಲಿಲ್ಲ. ಎರಡನೆಯದರಲ್ಲೂ ಇಲ್ಲ. ಹಿಂದೆ ಮೇಷ್ಟ್ರ ಉಸಿರು ಅವಳ ಕೂದಲಿಗೆ ತಾಗುವಷ್ಟು ಹತ್ತಿರವಿತ್ತು. ಅವರ ಮುಖ ನೋಡಿದರೆ ತಿಳಿದುಬಿಡುತ್ತದೆಂದು ಅವಳು ತಿರುಗಲಿಲ್ಲ. ಒಂದು ಚುಕ್ಕಿ ಮೂಡಿತು. ಅದು ಧೂಳೂ ಇರಬಹುದು. ಪಕ್ಕದಲ್ಲಿ ಇನ್ನೊಂದು, ಅಷ್ಟೇ ದೂರದಲ್ಲಿ ಮತ್ತೊಂದು, ಕೆಳಗಿನ ಸಾಲು ಅವುಗಳ ಸಂದಿನಲ್ಲಿ ಒಂದೊಂದಾಗಿ ಒಪ್ಪವಾಗಿ ಬಂದು ಕೂರತೊಡಗಿತು. ಅವಳು ಚಿತ್ರ ಮುಗಿಯುವವರೆಗೆ ಕಾದಳು.

‘ಎಡಗಡೆಯದು. ನೀವು ವಿದ್ಯುತ್ ಕೊಟ್ಟಿದ್ದು ಎಡಗಡೆಯದಕ್ಕೆ’ ಎಂದಳು.

‘ಹೂಂ!’ ಎಂದರು ಮೇಷ್ಟ್ರು. ಕುರ್ಚಿಯೊಂದು ಸರಿಯಿತು, ಬಾಗಿಲು ಗೋಡೆಗೆ ಬಡಿಯಿತು, ‘ಅಯ್ಯೋ ನನ್ ಪೆಟ್ಟಿಗೆ, ನೋಡ್ಕೊಂಡು ಹೋಗಿ!’ ಎಂದರು ಬೆಳ್ಳಿಕೂದಲಿನವರು. ಆಮೇಲೆ ಕಾರಿಡಾರಿನುದ್ದಕ್ಕೂ, ದೂರ ದೂರವಾಗುತ್ತ, ಅವಳು ಈ ಕಟ್ಟಡದಲ್ಲಿ ಎಂದೂ ಕೇಳಿರದ ಸದ್ದು: ವಯಸ್ಸಾದ ಗಂಡಸೊಬ್ಬರು ಚರ್ಮದ ಬೂಟು ಹಾಕಿಕೊಂಡು ಓಡುತ್ತಿರುವುದು.